ಎಳೆಯುವ ಬಲ, ತಡೆಯುವ ಬಲ

ಒಡ್ಡನ್‌ಛತ್ರಂ ತರಕಾರಿ ಮಾರುಕಟ್ಟೆಗೆ ಬರುವ ಟ್ರ್ಯಾಕ್ಟರ್ ಟ್ರೇಲರುಗಳ ಪಕ್ಕದ ಹಲಗೆಯ ಮೇಲೆ ಕುಲದೇವರ ಹೆಸರು ದೊಡ್ಡದಾಗಿರುತ್ತದೆ, ಮಕ್ಕಳ ಹೆಸರು ಅದಕ್ಕಿಂತ ಸ್ವಲ್ಪ ಸಣ್ಣದಾಗಿರುತ್ತದೆ. ಅವುಗಳ ಕೆಳಗೆ ಒಂದು ಮೂಲೆಯಲ್ಲಿ, ಕೆಸರು ಮೆತ್ತಿಕೊಂಡು ಅರ್ಧ ಅಳಿಸಿದ ಎರಡು ಅಂಕಿಗಳಿರುತ್ತವೆ. ಒಂದು ಟ್ರೇಲರಿನ ಖಾಲಿ ತೂಕ. ಇನ್ನೊಂದು ಲೋಡೂ ಸೇರಿ ಅದು ತೂಗಬಹುದಾದ ಗರಿಷ್ಠ ತೂಕ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಎಷ್ಟು ಸರಕು ಹೇರಬಹುದು ಎಂಬುದು ಸಿಗುತ್ತದೆ. ಲೆಕ್ಕ ಇಷ್ಟು ಸರಳವಾಗಿದ್ದೂ ಹೇರುವ ಹೊತ್ತಿಗೆ ಆ ಮೂಲೆಯತ್ತ ನೋಡುವವರು ಕಡಿಮೆ. ಅಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಗಾಡಿ ಎಳೆಯುತ್ತದೋ ಇಲ್ಲವೋ?

ಈ ಅಧ್ಯಾಯ ಆ ಪ್ರಶ್ನೆಯ ಬಗ್ಗೆ. ಅದು ತಪ್ಪು ಪ್ರಶ್ನೆ ಎಂದು ತೋರಿಸುವುದು ನನ್ನ ಉದ್ದೇಶ. ಟ್ರೇಲರಿನ ಮಿತಿಯನ್ನು ಮೊದಲು ತೀರ್ಮಾನಿಸುವುದು ಎಂಜಿನ್ ಅಲ್ಲ. ಬ್ರೇಕು, ಟೈರು, ಕೊಂಡಿ ಮತ್ತು ಸರಕು ಕೂತ ಜಾಗ, ಈ ನಾಲ್ಕು ಸೇರಿ ಅದನ್ನು ತೀರ್ಮಾನಿಸುತ್ತವೆ.

ದಿಂಡಿಗಲ್‌ನಿಂದ ಪಳನಿಗೆ ಹೋಗುವ ಹೆದ್ದಾರಿಯ ಮೇಲಿರುವ ಒಡ್ಡನ್‌ಛತ್ರಂ ತಮಿಳುನಾಡಿನ ಅತಿ ದೊಡ್ಡ ತರಕಾರಿ ಪೇಟೆಗಳಲ್ಲಿ ಒಂದು. ಟೊಮೆಟೊ, ನುಗ್ಗೆ, ಸಣ್ಣ ಈರುಳ್ಳಿ, ಬೆಂಡೆ, ಬದನೆ ಇಲ್ಲಿ ರಾಶಿ ಬಿದ್ದು, ದೊಡ್ಡ ಪಾಲು ಲಾರಿಯೇರಿ ಕೇರಳಕ್ಕೆ ಹೋಗುತ್ತದೆ. ದಕ್ಷಿಣಕ್ಕೆ ವಡಕಾಡು, ಪಾಚಲೂರಿನ ಬೆಟ್ಟಗಳಿವೆ, ನಡುವೆ ಪರಪ್ಪಲಾರ್ ಅಣೆಕಟ್ಟಿದೆ. ಬೆಟ್ಟದ ಬುಡದ ವಿರೂಪಾಕ್ಷಿ ಎಂಬ ಊರಿನ ಹೆಸರು ಹೊತ್ತ ಮಲೆಬಾಳೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ. ಈ ಸೀಮೆಯಲ್ಲೂ, ಆಚೆ ತೇನಿ, ಬೋಡಿ, ಕಂಬಂ ಕಣಿವೆಯಲ್ಲೂ ಮನೆಯೊಳಗೆ ಕನ್ನಡ ಆಡುವ ಅನುಪ್ಪರು, ಕಾಪಿಲಿಯ ಒಕ್ಕಲಿಗರು ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಈ ಎರಡೂ ಸಮುದಾಯಗಳು ಕನ್ನಡದ ಬೇಸಾಯಗಾರರೆಂದೇ ದಾಖಲಾಗಿವೆ. ಎತ್ತು, ಬಂಡಿ, ಭಾರ ಇವುಗಳ ತಿಳಿವಳಿಕೆ ಇಂಥ ಮನೆಗಳಲ್ಲಿ ಟ್ರ್ಯಾಕ್ಟರಿಗಿಂತ ಬಹಳ ಹಿಂದಿನದು. ಆ ಹಳೆಯ ತಿಳಿವಳಿಕೆ ನಮಗೆ ಮುಂದೆ ಬೇಕಾಗುತ್ತದೆ.

ಮೊದಲು ಎಂಜಿನ್ನಿನ ಮಾತು ಮುಗಿಸೋಣ. ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾದ 45 ಎಚ್‌ಪಿ ಟ್ರ್ಯಾಕ್ಟರನ್ನು ತೆಗೆದುಕೊಳ್ಳಿ. ಅದರ ತೂಕ 2 ಟನ್ ಎಂದಿರಲಿ. ಹಿಂದೆ ಟ್ರೇಲರು ಮತ್ತು ಸರಕು ಸೇರಿ 6 ಟನ್. ಒಟ್ಟು 8 ಟನ್ನಿನ ಜೋಡಿ. ಟಾರು ರಸ್ತೆಯಲ್ಲಿ ಟೈರು ಉರುಳುವಾಗ ಹುಟ್ಟುವ ತಡೆ ತೂಕದ ಶೇಕಡಾ 2ರಷ್ಟು. ಅಂದರೆ 8 ಟನ್ನನ್ನು ಸಮತಟ್ಟಾದ ರಸ್ತೆಯಲ್ಲಿ ಓಡಿಸುತ್ತಿರಲು ಬೇಕಾದದ್ದು ಬರೀ 160 ಕಿಲೋ ತೂಕದಷ್ಟು ಎಳೆತ. ಗಂಟೆಗೆ 25 ಕಿ.ಮೀ. ವೇಗಕ್ಕೆ ಅದು ಸುಮಾರು 15 ಎಚ್‌ಪಿ ಆಗುತ್ತದೆ, ಎಂಜಿನ್ನಿನ ಶಕ್ತಿಯ ಮೂರನೇ ಒಂದು ಪಾಲು. ಇನ್ನೂ 3 ಟನ್ ಹೆಚ್ಚು ಹೇರಿ ಜೋಡಿಯನ್ನು 11 ಟನ್ ಮಾಡಿದರೂ 20 ಎಚ್‌ಪಿ ಸಾಕು. ಚಾಲಕನ ಕಾಲಿಗೂ ಕಿವಿಗೂ ವ್ಯತ್ಯಾಸ ಅಷ್ಟಾಗಿ ತಿಳಿಯುವುದೇ ಇಲ್ಲ. ನೂರು ಮೀಟರಿಗೆ 8 ಮೀಟರ್ ಏರುವ ದಾರಿ ಬಂದಿತು ಎನ್ನಿ. ಚಕ್ರಕ್ಕೆ 35 ಎಚ್‌ಪಿ ತಲುಪುತ್ತದೆ ಎಂದುಕೊಂಡರೆ 8 ಟನ್ನಿನ ಜೋಡಿ ಗಂಟೆಗೆ 12 ಕಿ.ಮೀ. ವೇಗದಲ್ಲಿ ಹತ್ತುತ್ತದೆ. 11 ಟನ್ನಿನದು 9 ಕಿ.ಮೀ. ವೇಗದಲ್ಲಿ ಹತ್ತುತ್ತದೆ. ಗೇರು ಒಂದು ಕೆಳಗಿಳಿಸಿದರೆ ಮುಗಿಯಿತು. ‘ಎಳೆಯುತ್ತದೋ’ ಎಂಬ ಪ್ರಶ್ನೆಗೆ ಎಂಜಿನ್ ಎರಡೂ ಸಲ ‘ಹೌದು’ ಎಂದೇ ಉತ್ತರಿಸಿತು. ಓವರ್‌ಲೋಡಿನ ಅಪಾಯವೆಲ್ಲ ಈ ‘ಹೌದು’ ಎಂಬುದರಲ್ಲೇ ಅಡಗಿದೆ. ಡೀಸೆಲ್ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಕೆಳಗಿನ ಗೇರಿನಲ್ಲಿ ಅಪಾರ ಎಳೆತ ಇರುತ್ತದೆ. ಆದ್ದರಿಂದ ಭಾರ ಹೆಚ್ಚಾಯಿತು ಎಂಬ ಸುದ್ದಿಯನ್ನು ಎಂಜಿನ್ ಬಹಳ ತಡವಾಗಿ ಕೊಡುತ್ತದೆ.

ಈಗ ಅದೇ ಜೋಡಿಯನ್ನು ನಿಲ್ಲಿಸಿ ನೋಡೋಣ.

ನಮ್ಮ ಹೊಲದ ಟ್ರ್ಯಾಕ್ಟರುಗಳಿಗೆ ಸಾಮಾನ್ಯವಾಗಿ ಬ್ರೇಕು ಇರುವುದು ಹಿಂದಿನ ಎರಡು ದೊಡ್ಡ ಚಕ್ರಗಳಿಗೆ ಮಾತ್ರ. ಊರ ವೆಲ್ಡಿಂಗ್ ಶೆಡ್ಡುಗಳಲ್ಲಿ ತಯಾರಾಗುವ ಟ್ರೇಲರುಗಳಲ್ಲಿ ಬಹುಪಾಲಿಗೆ ಬ್ರೇಕೇ ಇರುವುದಿಲ್ಲ. ಹಾಗಾಗಿ 8 ಟನ್ನನ್ನೂ ತಡೆಯಬೇಕಾದ್ದು ಎರಡೇ ಟೈರುಗಳು ನೆಲವನ್ನು ಹಿಡಿಯುವ ಹಿಡಿತ. ಪೆಡಲನ್ನು ಎಷ್ಟೇ ಒತ್ತಿ, ಆ ಹಿಡಿತಕ್ಕೆ ಒಂದು ಮೇರೆ ಇದೆ. ಟೈರಿನ ಮೇಲೆ ಕೂತ ತೂಕದ ಅರ್ಧದಷ್ಟು ಬಲ ಸಿಕ್ಕರೆ ಸವೆದ ಟೈರಿಗೆ, ಧೂಳು ಮರಳಿನ ರಸ್ತೆಗೆ ಅದು ಒಳ್ಳೆಯದೇ. 2 ಟನ್ನಿನ ಟ್ರ್ಯಾಕ್ಟರಿನಲ್ಲಿ 750 ಕಿಲೋ ಮುಂದೆ, 1,250 ಕಿಲೋ ಹಿಂದೆ ಕೂರುತ್ತದೆ ಎಂದಿಟ್ಟುಕೊಳ್ಳಿ. ಹಿಂದಿರುವುದು ನಾಲ್ಕು ಚಕ್ರದ ಟ್ರೇಲರು. ಅದು ತನ್ನ ತೂಕವನ್ನು ತಾನೇ ಹೊರುತ್ತದೆ, ಟ್ರ್ಯಾಕ್ಟರಿನ ಕೊಂಡಿಯ ಮೇಲೆ ಏನನ್ನೂ ಹಾಕುವುದಿಲ್ಲ. ಆಗ ಸಿಗುವ ಬ್ರೇಕಿನ ಬಲ 625 ಕಿಲೋ. ಉರುಳುವ ತಡೆಯ 160 ಕಿಲೋ ಸೇರಿಸಿದರೆ 785. 8 ಟನ್ನಿಗೆ ಇದು ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಗಂಟೆಗೆ 25 ಕಿ.ಮೀ. ವೇಗದಿಂದ ಸಮತಟ್ಟಿನಲ್ಲಿ ನಿಲ್ಲಲು ಸುಮಾರು 25 ಮೀಟರ್ ಬೇಕು. ಚಾಲಕ ಎಚ್ಚೆತ್ತು ಪೆಡಲಿಗೆ ಕಾಲು ಒಯ್ಯುವ ಒಂದು ಸೆಕೆಂಡಿನಲ್ಲಿ ಕ್ರಮಿಸಿದ 7 ಮೀಟರನ್ನು ಇದರ ಮೇಲೆ ಕೂಡಿಸಿಕೊಳ್ಳಬೇಕು.

ಇದೇ ಜೋಡಿ ನೂರಕ್ಕೆ 8ರ ಇಳಿಜಾರಿಗೆ ಬಂದಿತು. ಕಡಿದಾದ ಬೆಟ್ಟದ ರಸ್ತೆಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್ ಇಟ್ಟ ಮಾನದಂಡದಲ್ಲಿ ಅಪರೂಪಕ್ಕೆ ಒಪ್ಪಬಹುದಾದ ಇಳಿಜಾರು ಅದು. ಹಳೆಯ ದಾರಿಗಳ ತಿರುವುಗಳಲ್ಲಿ ಇದಕ್ಕಿಂತ ಕಡಿದಾದದ್ದೂ ಇರುತ್ತದೆ. ಇಲ್ಲಿ ಭೂಮಿಯೇ ಜೋಡಿಯನ್ನು 640 ಕಿಲೋ ಬಲದಿಂದ ಕೆಳಗೆ ಎಳೆಯುತ್ತದೆ. ನಮ್ಮ 785ರಲ್ಲಿ ಉಳಿದದ್ದು 145 ಕಿಲೋ. ನಿಲ್ಲುವ ದೂರ 25 ಮೀಟರಿನಿಂದ ಸುಮಾರು 135 ಮೀಟರಿಗೆ ಜಿಗಿಯಿತು.

ಈಗ ಆ ಹೆಚ್ಚಿನ 3 ಟನ್ ಹೇರಿ. ಹಿಂದಿನ ಚಕ್ರದ ಮೇಲಿನ ತೂಕ ಬದಲಾಗಲಿಲ್ಲ, ಆದ್ದರಿಂದ ಬ್ರೇಕಿನ ಬಲ 625 ಕಿಲೋ ಆಗಿಯೇ ಇದೆ. ಉರುಳುವ ತಡೆ 220. ಒಟ್ಟು 845. ಇಳಿಜಾರು ಎಳೆಯುವುದು 880. ಲೆಕ್ಕ ಮೈನಸ್ಸಿಗೆ ಹೋಯಿತು. ಪೆಡಲನ್ನು ಪೂರ್ತಿ ತುಳಿದು, ಚಕ್ರ ಕಟ್ಟಿಹೋದರೂ ಗಾಡಿ ನಿಲ್ಲುವುದಿಲ್ಲ. ‘ಬ್ರೇಕ್ ಫೇಲ್ ಆಯಿತು’ ಎಂದು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಇಲ್ಲಿ ಬ್ರೇಕು ಕೆಟ್ಟಿಲ್ಲ. ಲೈನಿಂಗ್ ಹೊಸದೇ ಇರಬಹುದು. ಸೋತದ್ದು ಹೇರಿದ ದಿನದ ಲೆಕ್ಕ. ಸಮತಟ್ಟಿನಲ್ಲಿ ಅದೇ 11 ಟನ್ 32 ಮೀಟರಿನಲ್ಲಿ ನಿಂತಿತ್ತು. ಆ 7 ಮೀಟರಿನ ವ್ಯತ್ಯಾಸ ನೋಡಿ ಘಾಟಿಯಲ್ಲಿ ಹೀಗಾದೀತು ಎಂದು ಯಾವ ಅನುಭವಿಯೂ ಊಹಿಸಲಾರ. ದಿನವೂ ಬಯಲಿನ ರಸ್ತೆಯಲ್ಲಿ ಓವರ್‌ಲೋಡ್ ಓಡಿಸಿ ಏನೂ ಆಗದೆ ಬಂದವನ ಧೈರ್ಯ ಬೆಟ್ಟದ ಮೊದಲ ಇಳಿಜಾರಿನಲ್ಲಿ ಕೈಕೊಡುವುದು ಇದಕ್ಕೇ.

ನಿಜದ ರಸ್ತೆಯಲ್ಲಿ ಸ್ಥಿತಿ ನನ್ನ ಲೆಕ್ಕಕ್ಕಿಂತ ಕೆಟ್ಟದ್ದು. ತಡೆದಷ್ಟೂ ತೂಕ ಮುಂದಿನ ಚಕ್ರಕ್ಕೆ ವಾಲುತ್ತದೆ, ಹಿಂದಿನದು ಹಗುರವಾಗುತ್ತದೆ. ಹಿಂದಿನಿಂದ ಟ್ರೇಲರು ಒತ್ತುವ ಬಲ ಟ್ರ್ಯಾಕ್ಟರಿನ ನಡುಗೆರೆಗೆ ನೇರವಾಗಿ ಬರದೆ ಓರೆಯಾಗಿ ಬಂದರೆ, ಅಂದರೆ ತಿರುವಿನಲ್ಲಿ, ಅದು ಟ್ರ್ಯಾಕ್ಟರಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಜೋಡಿ ಕೊಂಡಿಯಲ್ಲಿ ಮಡಚಿಕೊಳ್ಳುತ್ತದೆ. ಇನ್ನು ಶಾಖದ ಮಾತು. 8 ಟನ್ನಿನ ಜೋಡಿ 300 ಮೀಟರ್ ಎತ್ತರದಿಂದ ಇಳಿದರೆ ಕಳೆದುಕೊಳ್ಳುವ ಶಕ್ತಿ 70 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಎಂಜಿನ್ ಗೇರಿನಲ್ಲಿದ್ದರೆ ಅದರ ಒಂದು ಪಾಲನ್ನು ಎಂಜಿನ್ ನುಂಗುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಇಳಿಸುವ ಚಾಲಕ ಆ ಶಾಖವನ್ನೆಲ್ಲ ಎರಡು ಬ್ರೇಕುಗಳಿಗೆ ಹೊರಿಸುತ್ತಾನೆ. ಉಳಿಯುವ ಡೀಸೆಲ್ಲಿನ ಬೆಲೆ ಕೆಲವೇ ರೂಪಾಯಿ. ಈ ಅಭ್ಯಾಸವನ್ನು ನಾನು ಎಷ್ಟು ಬಲವಾಗಿ ವಿರೋಧಿಸಿದರೂ ಕಡಿಮೆಯೇ.

ಯುರೋಪಿನ ದೇಶಗಳಲ್ಲಿ ಕಾರಿನ ಹಿಂದೆ ಕಟ್ಟುವ ಟ್ರೇಲರು ಒಟ್ಟು 750 ಕಿಲೋ ದಾಟಿದರೆ ಅದಕ್ಕೆ ಸ್ವಂತ ಬ್ರೇಕು ಇರಲೇಬೇಕು. ಟ್ರೇಲರು ಮುಂದಕ್ಕೆ ಒತ್ತಿದಾಗ ಆ ಒತ್ತಡದಿಂದಲೇ ಅದರ ಬ್ರೇಕು ಹಿಡಿಯುವ ಸರಳ ಏರ್ಪಾಡು ಅಲ್ಲಿ ಸಾಮಾನ್ಯ. ನಮ್ಮಲ್ಲಿ 6 ಟನ್ನಿನ ಟ್ರೇಲರುಗಳು ಬ್ರೇಕಿಲ್ಲದೆ ಓಡುತ್ತವೆ. ಹೊಲದ ವೇಗಕ್ಕೆ, ಊರಿನೊಳಗಿನ ದಾರಿಗೆ ಇದು ನಡೆದುಬಂದಿತು. ಹೆದ್ದಾರಿಗೆ ಬಂದ ಮೇಲೆ ಅದನ್ನು ಹಾಗೇ ಬಿಟ್ಟದ್ದು ಸರಿಯಲ್ಲ. ಹೊಸ ಟ್ರೇಲರು ಮಾಡಿಸುವವರು ಹಲಗೆಗೆ ಹೂಬಳ್ಳಿ ಬರೆಸುವ ಮೊದಲು ಬ್ರೇಕು ಹಾಕಿಸಬೇಕು.

ಇಲ್ಲಿಯವರೆಗೆ ನಾಲ್ಕು ಚಕ್ರದ ಟ್ರೇಲರಿನ ಮಾತಾಯಿತು. ಎರಡು ಚಕ್ರದ್ದು ಬಂದಾಗ ವಿಷಯ ಇನ್ನೂ ಸ್ವಾರಸ್ಯವಾಗುತ್ತದೆ, ಏಕೆಂದರೆ ಅದು ನಮ್ಮ ಎತ್ತಿನ ಬಂಡಿಯ ನೇರ ವಂಶಸ್ಥ. ಬಂಡಿಗೆ ಹುಲ್ಲು ಹೇರಿದವರಿಗೆಲ್ಲ ಮುಂಭಾರ, ಹಿಂಭಾರ ಗೊತ್ತು. ಸರಕು ಅಚ್ಚಿಗಿಂತ ಮುಂದೆ ಹೆಚ್ಚಾದರೆ ಮೂಕಿ ಕೆಳಗೆ ಒತ್ತಿ ನೊಗ ಎತ್ತಿನ ಹೆಗಲನ್ನು ಅರೆಯುತ್ತದೆ. ಹಿಂದೆ ಹೆಚ್ಚಾದರೆ ಮೂಕಿ ಮೇಲೆದ್ದು ನೊಗದ ಹುರಿ ಎತ್ತಿನ ಕೊರಳನ್ನು ಬಿಗಿಯುತ್ತದೆ. ಹೇರಿದ ಮೇಲೆ ಮೂಕಿಯ ತುದಿ ಎತ್ತಿ ನೋಡಿ, ಒಂದೆರಡು ಮೂಟೆ ಆಚೀಚೆ ಮಾಡಿ ತುಸುವೇ ಮುಂಭಾರ ಉಳಿಸುವುದು ಬಂಡಿ ಹೊಡೆಯುವವರ ಕಸುಬು. ಬೆಂಗಳೂರಿನ ಭಾರತೀಯ ಪ್ರಬಂಧ ಸಂಸ್ಥೆಯ ಸ್ಥಾಪಕ ನಿರ್ದೇಶಕ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಗಾಡಿಯನ್ನು ಗಂಭೀರ ಎಂಜಿನಿಯರಿಂಗ್ ವಿಷಯವಾಗಿ ಕೈಗೆತ್ತಿಕೊಂಡಾಗ ಅವರನ್ನು ಕಾಡಿದ್ದರಲ್ಲಿ ಎತ್ತಿನ ಕೊರಳ ಮೇಲೆ ಬೀಳುವ ಈ ಭಾರವೂ ಒಂದು. ದೇಶದ ದೊಡ್ಡ ಮ್ಯಾನೇಜ್‌ಮೆಂಟ್ ಸಂಸ್ಥೆಯ ಮುಖ್ಯಸ್ಥರೊಬ್ಬರು ಬಂಡಿಯ ಅಚ್ಚು, ನೊಗಗಳ ಅಧ್ಯಯನಕ್ಕೆ ಕೂತದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಟ್ರ್ಯಾಕ್ಟರಿಗೆ ಹೆಗಲು ನೋಯುವುದಿಲ್ಲ, ಆದರೆ ಲೆಕ್ಕ ಅದೇ. ಟ್ರೇಲರಿನ ಕೊಂಡಿಯಿಂದ ಅಚ್ಚಿಗೆ ಮೂರೂವರೆ ಮೀಟರ್ ದೂರವಿದ್ದು, ಒಟ್ಟು ಭಾರದ ಕೇಂದ್ರ ಅಚ್ಚಿಗಿಂತ 35 ಸೆಂಟಿಮೀಟರ್ ಮುಂದಿದ್ದರೆ ಭಾರದ ಹತ್ತನೇ ಒಂದು ಪಾಲು ಕೊಂಡಿಯ ಮೇಲೆ ಕೂರುತ್ತದೆ. 6 ಟನ್ನಿಗೆ 600 ಕಿಲೋ. ಕೊಂಡಿ ಇರುವುದು ಹಿಂದಿನ ಚಕ್ರಕ್ಕಿಂತ ಸುಮಾರು 60 ಸೆಂಟಿಮೀಟರ್ ಹಿಂದೆ, ಆದ್ದರಿಂದ ಈ 600 ಕಿಲೋ ಸನ್ನೆಯ ಹಾಗೆ ಕೆಲಸ ಮಾಡಿ ಮುಂದಿನ ಚಕ್ರಗಳಿಂದ 190 ಕಿಲೋ ಎತ್ತಿ, ಹಿಂದಿನ ಚಕ್ರಗಳ ಮೇಲೆ 790 ಕಿಲೋ ಹಾಕುತ್ತದೆ. ಹಿಂದಿನ ಚಕ್ರ ಈಗ 2,040 ಕಿಲೋ ಹೊತ್ತಿದೆ. ಬ್ರೇಕಿನ ಹಿಡಿತ 625ರಿಂದ 1,020 ಕಿಲೋಗೆ ಏರಿತು. ಆ 8 ಪರ್ಸೆಂಟ್ ಇಳಿಜಾರಿನಲ್ಲಿ 135 ಮೀಟರ್ ಓಡುತ್ತಿದ್ದ ಜೋಡಿ ಈಗ 36 ಮೀಟರಿನಲ್ಲಿ ನಿಲ್ಲುತ್ತದೆ. ತೂಕ ಒಂದು ಕಿಲೋ ಕೂಡ ಕಡಿಮೆಯಾಗಿಲ್ಲ. ಕೂತ ಜಾಗ ಬೇರೆ, ಅಷ್ಟೆ.

ಅದೇ ಸರಕು ಅಚ್ಚಿಗಿಂತ 35 ಸೆಂಟಿಮೀಟರ್ ಹಿಂದೆ ಕೂತರೆ? ಕೊಂಡಿ ಟ್ರ್ಯಾಕ್ಟರಿನ ಹಿಂಭಾಗವನ್ನು 600 ಕಿಲೋ ಬಲದಿಂದ ಮೇಲೆತ್ತುತ್ತದೆ. ಹಿಂದಿನ ಚಕ್ರದ ಮೇಲೆ ಉಳಿಯುವುದು 460 ಕಿಲೋ, ಬ್ರೇಕಿಗೆ ಸಿಗುವುದು 230. ಅದೇ ಇಳಿಜಾರಿನಲ್ಲಿ ಗಾಡಿ ನಿಲ್ಲುವುದಿರಲಿ, ಬ್ರೇಕು ತುಳಿದಿದ್ದರೂ ವೇಗ ಹೆಚ್ಚಿಸಿಕೊಳ್ಳುತ್ತದೆ. ಟ್ರೇಲರಿನ ಹಿಂಬದಿಯಿಂದ ಮೂಟೆ ಹಾಕುತ್ತಾ ಹೋಗಿ, ಮುಂದೆ ಸರಿಸಲು ಬೇಸರವಾಗಿ ಬಿಟ್ಟರೆ ಆಗುವುದು ಇದು. ಪೇಟೆಯಲ್ಲಿ ಅರ್ಧ ಸರಕು ಇಳಿಸುವಾಗಲೂ ಎಚ್ಚರ ಬೇಕು. ಮುಂದಿನ ಸಾಲುಗಳನ್ನು ಮೊದಲು ಇಳಿಸಿದರೆ ಒಟ್ಟು ತೂಕ ಕಡಿಮೆಯಾಗಿದ್ದೂ ಗಾಡಿ ಹಿಂಭಾರವಾಗಿ ಅಪಾಯ ಹೆಚ್ಚುತ್ತದೆ.

ಹಾಗೆಂದು ಮುಂಭಾರವನ್ನು ಏರಿಸುತ್ತಲೇ ಹೋಗುವಂತಿಲ್ಲ. ಟ್ರ್ಯಾಕ್ಟರ್ ತಿರುಗಬೇಕಾದರೆ ಮುಂದಿನ ಚಕ್ರದ ಮೇಲೆ ಅದರ ತೂಕದ ಐದನೇ ಒಂದು ಪಾಲಾದರೂ ಇರಬೇಕು ಎಂಬುದು ಎಲ್ಲೆಡೆ ಒಪ್ಪಿದ ನಿಯಮ. ನಮ್ಮ ಟ್ರ್ಯಾಕ್ಟರಿಗೆ ಅದು 400 ಕಿಲೋ. 600 ಕಿಲೋ ಮುಂಭಾರದಲ್ಲಿ ಸಮತಟ್ಟಿನ ಮೇಲೆ 560 ಉಳಿದಿತ್ತು. ಅದೇ ಜೋಡಿ 8 ಪರ್ಸೆಂಟ್ ಏರು ಹತ್ತುವಾಗ ಎಳೆತವೂ ಇಳಿಜಾರೂ ಸೇರಿ ಇನ್ನೂ 205 ಕಿಲೋ ಕದಿಯುತ್ತವೆ, ಉಳಿಯುವುದು ಸುಮಾರು 355. ಸ್ಟಿಯರಿಂಗು ಆಗಲೇ ಹಗುರವೆನಿಸತೊಡಗುತ್ತದೆ. ಮುಂಭಾರ 1,200 ಕಿಲೋ ಆಗಿದ್ದರೆ ಉಳಿಯುವುದು 165 ಮಾತ್ರ. ಮುಂದಿನ ಬಂಪರಿಗೆ ಎರಕದ ತೂಕದ ಬಿಲ್ಲೆಗಳನ್ನು ತಗುಲಿಸುವುದು ಇದಕ್ಕೇ, ಅಲಂಕಾರಕ್ಕಲ್ಲ.

ಕೊಂಡಿಯ ಎತ್ತರವೂ ಈ ಲೆಕ್ಕದಲ್ಲಿದೆ. ಎಳೆತ ನೆಲಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು. ಕೆಸರಿನಲ್ಲಿ ಹೂತ ಲಾರಿಯನ್ನು ಎಳೆಯಲು ಸರಪಳಿಯನ್ನು ಮೇಲಿನ ಟಾಪ್ ಲಿಂಕಿನ ಕಣ್ಣಿಗೆ ಕಟ್ಟುವವರನ್ನು ಎಲ್ಲ ಕಡೆಯೂ ಕಾಣುತ್ತೇವೆ. ಅದು ಹಿಂದಿನ ಅಚ್ಚಿಗಿಂತ ಎತ್ತರದಲ್ಲಿದೆ. ಚಕ್ರ ತಿರುಗಲಾರದೆ ನಿಂತು ಎಂಜಿನ್ ಒತ್ತುತ್ತಲೇ ಇದ್ದರೆ, ತಿರುಗಬೇಕಾದದ್ದು ಟ್ರ್ಯಾಕ್ಟರಿನ ಮೈಯೇ. ಮುಂದಿನ ಚಕ್ರ ಮೇಲೇಳುತ್ತದೆ. ಮರಳಲಾಗದ ಹಂತ ತಲುಪಲು ಮುಕ್ಕಾಲು ಸೆಕೆಂಡು, ಪೂರ್ತಿ ಹಿಂದಕ್ಕೆ ಮಗುಚಲು ಒಂದೂವರೆ ಸೆಕೆಂಡು ಸಾಕು ಎಂದು ಟ್ರ್ಯಾಕ್ಟರ್ ಸುರಕ್ಷತೆಯ ಪಾಠಗಳಲ್ಲಿ ಹೇಳುತ್ತಾರೆ. ಕ್ಲಚ್ಚು ತುಳಿಯಬೇಕು ಎಂದು ಹೊಳೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಎಳೆಯುವುದಿದ್ದರೆ ಕೆಳಗಿನ ಡ್ರಾಬಾರಿಗೇ ಕಟ್ಟಬೇಕು.

ನೀರಿನ ಟ್ಯಾಂಕರು ಇನ್ನೊಂದು ಬಗೆಯ ಭಾರ. ದಿಂಡಿಗಲ್ ಸೀಮೆಯ ಒಣ ಬೇಸಗೆಯಲ್ಲಿ ಟ್ರ್ಯಾಕ್ಟರಿನ ಹಿಂದೆ 5,000 ಲೀಟರಿನ ಟ್ಯಾಂಕು ಸಾಮಾನ್ಯ ನೋಟ. ಪೂರ್ತಿ ತುಂಬಿದಾಗ ಅದು 5 ಟನ್ ನೀರು, ಆದರೆ ಅಲುಗದ ಭಾರ. ಅರ್ಧ ತುಂಬಿದಾಗ ಎರಡೂವರೆ ಟನ್, ಆದರೆ ಓಡಾಡುವ ಭಾರ. ಬ್ರೇಕು ಹಿಡಿದರೆ ನೀರು ಮುಂದಕ್ಕೆ ನುಗ್ಗುತ್ತದೆ, ವೇಗ ಹೆಚ್ಚಿಸಿದರೆ ಹಿಂದಕ್ಕೆ, ತಿರುಗಿದರೆ ಹೊರಮಗ್ಗುಲಿಗೆ. ಮುಂಭಾರ ಹಿಂಭಾರಗಳು ಕ್ಷಣಕ್ಷಣಕ್ಕೂ ಬದಲಾಗುತ್ತವೆ. ಒಳಗೆ ತೂತಿನ ತಡೆ ತಗಡುಗಳನ್ನು ಬೆಸುಗೆ ಹಾಕಿಸಿದರೆ ಅಲೆ ಒಡೆಯುತ್ತದೆ. ಹೊರಗಿನಿಂದ ಕಾಣದ ಈ ತಗಡನ್ನು ಉಳಿತಾಯದ ಹೆಸರಿನಲ್ಲಿ ಬಿಡಬಾರದು.

ವೇಗ ಹೆಚ್ಚಾದಲ್ಲಿ ಹಿಂಭಾರದ ಇನ್ನೊಂದು ಮುಖ ಕಾಣುತ್ತದೆ. ಅಮೆರಿಕದಲ್ಲಿ ಒಂದು ಊರಿನಿಂದ ಇನ್ನೊಂದಕ್ಕೆ ಮನೆ ಬದಲಿಸುವ ನಮ್ಮ ಕನ್ನಡದ ಕುಟುಂಬಗಳು ಯು-ಹಾಲ್ ಕಂಪನಿಯ ಬಾಡಿಗೆ ಟ್ರೇಲರನ್ನು ಕಾರಿಗೆ ಕಟ್ಟಿಕೊಂಡು ಹೋಗುತ್ತವೆ. ಭಾರದ ಶೇಕಡಾ 60 ಮುಂದಿನ ಅರ್ಧದಲ್ಲಿರಲಿ, ವೇಗ ಗಂಟೆಗೆ 55 ಮೈಲಿ ಮೀರದಿರಲಿ ಎಂಬುದು ಆ ಕಂಪನಿಯ ಕಟ್ಟುನಿಟ್ಟಿನ ಸೂಚನೆ. ಕಾರಣ ಇದು: ಗಾಳಿಯೋ ಹಳ್ಳವೋ ಟ್ರೇಲರನ್ನು ಒಮ್ಮೆ ಪಕ್ಕಕ್ಕೆ ಸರಿಸಿದರೆ ಅದು ಲೋಲಕದಂತೆ ಆಚೀಚೆ ಓಲಾಡುತ್ತದೆ. ಕಡಿಮೆ ವೇಗದಲ್ಲಿ ಟೈರುಗಳು ಆ ಓಲಾಟವನ್ನು ತಣಿಸುತ್ತವೆ. ವೇಗ ಏರಿದಂತೆ ತಣಿಸುವ ಶಕ್ತಿ ಕುಗ್ಗುತ್ತದೆ. ಒಂದು ಮಿತಿ ದಾಟಿದ ಮೇಲೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಹಿಂಭಾರ ಆ ಮಿತಿಯನ್ನು ಕೆಳಗೆ ಎಳೆದು ತರುತ್ತದೆ. ಗಂಟೆಗೆ 25 ಕಿ.ಮೀ. ಓಡುವ ಟ್ರ್ಯಾಕ್ಟರಿಗೆ ಇದರ ಭಯ ಕಡಿಮೆ. ಪಿಕಪ್ಪಿಗೋ ಜೀಪಿಗೋ ಟ್ರೇಲರು ಕಟ್ಟಿ ಹೆದ್ದಾರಿಗೆ ಇಳಿಯುವವರು ಇದನ್ನು ಮರೆಯಬಾರದು.

ಹಾಗಾದರೆ ಕಂಪನಿ ಕೊಡುವ ಎಳೆಯುವ ಸಾಮರ್ಥ್ಯದ ಅಂಕಿಯನ್ನು ಎಷ್ಟು ನಂಬಬೇಕು? ಈ ಪ್ರಶ್ನೆಯನ್ನು ಮೊದಲು ಕಾನೂನಾಗಿ ಮಾರ್ಪಡಿಸಿದ್ದು ಒಬ್ಬ ರೈತ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ವಿಲ್ಮಾಟ್ ಕ್ರೋಜಿಯರ್ ಮಿನಿಯಾಪೊಲಿಸ್‌ನ ಕಂಪನಿಯೊಂದರಿಂದ ‘ಫೋರ್ಡ್’ ಎಂಬ ಹೆಸರಿನ ಟ್ರ್ಯಾಕ್ಟರ್ ಕೊಂಡ. ಹೆನ್ರಿ ಫೋರ್ಡ್‌ಗೂ ಅದಕ್ಕೂ ಸಂಬಂಧವಿರಲಿಲ್ಲ, ಜಾಹೀರಾತಿನ ಮಾತಿಗೂ ಅದರ ಕೆಲಸಕ್ಕೂ ಸಂಬಂಧವಿರಲಿಲ್ಲ. ಕ್ರೋಜಿಯರ್ ಮುಂದೆ ಶಾಸಕನಾದ. ಮಾರುವ ಮೊದಲು ಪ್ರತಿ ಮಾದರಿಯ ಟ್ರ್ಯಾಕ್ಟರನ್ನೂ ವಿಶ್ವವಿದ್ಯಾಲಯ ಎಳೆಸಿ ಅಳೆಯಬೇಕು ಎಂಬ ಕಾನೂನು 1919ರಲ್ಲಿ ಬಂದಿತು, 1920ರಲ್ಲಿ ಮೊದಲ ಪರೀಕ್ಷೆ ನಡೆಯಿತು. ನಮ್ಮ ದೇಶದಲ್ಲಿ ಆ ಕೆಲಸ ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯದು. 1955ರಲ್ಲಿ ತರಬೇತಿ ಕೇಂದ್ರವಾಗಿ ಶುರುವಾದ ಈ ಸಂಸ್ಥೆಯ ಪರೀಕ್ಷಾ ವರದಿಯಲ್ಲಿ ಡ್ರಾಬಾರಿನ ಎಳೆತ, ಬ್ರೇಕಿನ ದೂರ, ಮುಂದೆ ಹಿಂದೆ ಕೂರುವ ತೂಕ ಎಲ್ಲ ಇರುತ್ತವೆ. ಟ್ರ್ಯಾಕ್ಟರ್ ಕೊಳ್ಳುವವರು ಎಚ್‌ಪಿ ಕೇಳಿದಷ್ಟೇ ಸಲೀಸಾಗಿ ಆ ವರದಿಯನ್ನೂ ಡೀಲರ್ ಹತ್ತಿರ ಕೇಳಬೇಕು.

ಕಾರು ಪಿಕಪ್ಪುಗಳ ಲೋಕದಲ್ಲಿ ಇಂಥ ಶಿಸ್ತು ಬರಲು ಇನ್ನೂ ತೊಂಬತ್ತು ವರ್ಷ ಬೇಕಾಯಿತು. 2008ರವರೆಗೆ ಪ್ರತಿ ಕಂಪನಿಯೂ ತನ್ನದೇ ವಿಧಾನದಲ್ಲಿ ಅಂಕಿ ಹೇಳಿಕೊಳ್ಳುತ್ತಿತ್ತು. ಆ ವರ್ಷ ಅಮೆರಿಕದ ಎಂಜಿನಿಯರುಗಳ ಸಂಘ ಒಂದು ಸಮಾನ ಪರೀಕ್ಷೆಯನ್ನು ರೂಪಿಸಿತು. ಅರಿಜೋನಾದ ಡೇವಿಸ್ ಅಣೆಕಟ್ಟಿನ ಬಳಿಯ 18 ಕಿ.ಮೀ. ಏರು ರಸ್ತೆಯನ್ನು ಬೇಸಗೆಯ ಬಿಸಿಲಿನಲ್ಲಿ, ಏಸಿ ಪೂರ್ತಿ ಹಾಕಿಕೊಂಡು, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. 12 ಪರ್ಸೆಂಟ್ ಏರಿನಲ್ಲಿ ನಿಂತಲ್ಲಿಂದ ಮತ್ತೆ ಮತ್ತೆ ಹೊರಡಬೇಕು, ಹಿಂದಕ್ಕೂ ಹತ್ತಬೇಕು. ತಿರುವು, ಓಲಾಟ, ನಿಲ್ಲುವಿಕೆ ಎಲ್ಲದರಲ್ಲೂ ತೇರ್ಗಡೆಯಾದ ತೂಕವನ್ನೇ ಸಾಮರ್ಥ್ಯವೆಂದು ಬರೆಯಬೇಕು. ಇದನ್ನು ಮೊದಲು ಒಪ್ಪಿದ ಟೊಯೊಟಾದ ಟುಂಡ್ರಾ ಪಿಕಪ್ಪಿನ ಅಂಕಿ ಕೆಳಗಿಳಿಯಿತು. ಗಾಡಿ ಅದೇ, ಅಳತೆ ಪ್ರಾಮಾಣಿಕವಾಯಿತು.

ನಮ್ಮ 1988ರ ಮೋಟಾರು ವಾಹನ ಕಾಯ್ದೆ ಖಾಲಿ ತೂಕ, ಒಟ್ಟು ತೂಕ, ಅಚ್ಚಿನ ತೂಕ ಮೂರನ್ನೂ ಬೇರೆ ಬೇರೆಯಾಗಿ ವ್ಯಾಖ್ಯಾನಿಸುತ್ತದೆ. ಒಟ್ಟು ತೂಕ ಮಿತಿಯೊಳಗಿದ್ದೂ ಒಂದು ಅಚ್ಚು ತನ್ನ ಮಿತಿ ಮೀರಬಹುದು ಎಂಬ ಅರಿವು ಅದರಲ್ಲಿದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೆ ಏರಿಸಿತು. ಟೈರು, ಅಚ್ಚು, ಬ್ರೇಕುಗಳು ಆ ಭಾರಕ್ಕೆ ತಕ್ಕಂತಿರಬೇಕು ಎಂಬುದು ಅಂಥ ಏರಿಕೆಯ ಹಿಂದಿನ ಷರತ್ತು. 2019ರ ತಿದ್ದುಪಡಿಯ ನಂತರ ಮಿತಿ ಮೀರಿದ ಭಾರಕ್ಕೆ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಹೆಚ್ಚಿನ ಸರಕು ಇಳಿಸುವವರೆಗೆ ಗಾಡಿ ಕದಲುವಂತಿಲ್ಲ. ದಂಡ ಕಟ್ಟಿದರೆ ಹೊರೆ ಹೊತ್ತು ಮುಂದೆ ಹೋಗಬಹುದು ಎಂದು ನಂಬಿದವರು ಈ ಕೊನೆಯ ವಾಕ್ಯವನ್ನು ಓದಬೇಕು.

ರಸ್ತೆಯ ಲೆಕ್ಕವೂ ಕಾನೂನಿನ ಹಿಂದಿದೆ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾದಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ಪ್ರಯೋಗದಿಂದ ಹೊರಬಂದ ಸೂತ್ರದ ಪ್ರಕಾರ, ಅಚ್ಚಿನ ಭಾರ ಹೆಚ್ಚಿದಷ್ಟೂ ರಸ್ತೆಯ ಸವೆತ ಸುಮಾರು ಅದರ ನಾಲ್ಕನೇ ಘಾತದಲ್ಲಿ ಹೆಚ್ಚುತ್ತದೆ. ಭಾರ ಒಂದೂವರೆ ಪಟ್ಟಾದರೆ ಸವೆತ ಐದು ಪಟ್ಟು.

ಕರ್ನಾಟಕದಲ್ಲಿ ಈ ಮಾತು ಕಬ್ಬಿನ ಹಂಗಾಮಿನಲ್ಲಿ ಕಣ್ಣಿಗೆ ಕಟ್ಟುತ್ತದೆ. ಬೆಳಗಾವಿ, ಬಾಗಲಕೋಟೆಯ ರಸ್ತೆಗಳಲ್ಲಿ ಒಂದೇ ಟ್ರ್ಯಾಕ್ಟರಿನ ಹಿಂದೆ ಎರಡು ಡಬ್ಬಿ, ಅಂದರೆ ಟ್ರೇಲರು, ಕಟ್ಟಿ, ಹಲಗೆಯ ಮೇಲೆ ಮತ್ತೆರಡು ಆಳು ಎತ್ತರ ಕಬ್ಬು ಹೇರಿ ಕಾರ್ಖಾನೆಗೆ ಒಯ್ಯುತ್ತಾರೆ. ಎರಡನೆಯ ಡಬ್ಬಿ ಮೊದಲನೆಯದನ್ನು ಒತ್ತುತ್ತದೆ, ಮೊದಲನೆಯದು ಟ್ರ್ಯಾಕ್ಟರನ್ನು. ಮಡಚಿಕೊಳ್ಳುವ ಜಾಗ ಒಂದಿದ್ದದ್ದು ಎರಡಾಯಿತು. ಇಲ್ಲಿ ತೂಕ ಯಾರಿಗೂ ಗೊತ್ತಿಲ್ಲ ಎನ್ನುವಂತಿಲ್ಲ. ಕಾರ್ಖಾನೆಯ ಬಾಗಿಲಲ್ಲೇ ವೇಬ್ರಿಡ್ಜ್ ಇದೆ, ಪ್ರತಿ ಗಾಡಿಯ ತೂಕವೂ ಚೀಟಿಯಲ್ಲಿ ಅಚ್ಚಾಗುತ್ತದೆ. ಸಾಗಣೆಯ ದುಡ್ಡು ಟನ್ನಿಗೆ ಇಷ್ಟು ಎಂದಿರುವಾಗ ಕಡಿಮೆ ಹೇರಿದವನಿಗೇ ನಷ್ಟ. ಮಿತಿ ಮೀರಿದ ಭಾರಕ್ಕೆ ಸಾಗಣೆ ದರ ಕೊಡುವುದಿಲ್ಲ ಎಂದು ಕಾರ್ಖಾನೆಗಳು ತೀರ್ಮಾನಿಸಿದರೆ ಹೊರೆ ತಾನಾಗಿ ಇಳಿಯುತ್ತದೆ. ಬಡ ಚಾಲಕನೊಬ್ಬನ ಮೇಲೆ ಎಲ್ಲವನ್ನೂ ಹೊರಿಸುವುದಕ್ಕಿಂತ ಇದು ನ್ಯಾಯ.

ಒಡ್ಡನ್‌ಛತ್ರಂನ ರೈತರ ಕಷ್ಟ ಬೇರೆ. ಅವರ ಸರಕು ದಿನಕ್ಕೊಂದು ಬಗೆ, ಕಣ್ಣಳತೆ ಸುಲಭವಾಗಿ ಮೋಸ ಮಾಡುತ್ತದೆ. ನುಗ್ಗೆಯನ್ನು ಹಲಗೆ ಮೀರಿ ಪೇರಿಸಿದರೂ ತೂಕದ ಮಿತಿ ದೂರವೇ ಇರುತ್ತದೆ. ಟೊಮೆಟೊವನ್ನು ಈ ಪೇಟೆಯಲ್ಲಿ ಸುಮಾರು 14 ಕಿಲೋದ ಪೆಟ್ಟಿಗೆಗಳಲ್ಲಿ ಲೆಕ್ಕ ಹಿಡಿಯುತ್ತಾರೆ, ಆದ್ದರಿಂದ ಎಣಿಸಿದರೆ ತೂಕ ಸಿಗುತ್ತದೆ. 350 ಪೆಟ್ಟಿಗೆಗೆ 5 ಟನ್ ಹತ್ತಿರ ಬಂತು. ಮರಳು, ಕೆರೆ ಗೋಡಿನ ವಿಷಯದಲ್ಲಿ ಎಣಿಸುವುದಕ್ಕೆ ಏನೂ ಇಲ್ಲ. 3 ಮೀಟರ್ ಉದ್ದ, 1.8 ಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರದ ಡಬ್ಬಿಯಲ್ಲಿ ಒಣ ಮರಳು ಹಲಗೆ ಮಟ್ಟಕ್ಕೆ ತುಂಬಿದರೆ 5 ಟನ್ ಚಿಲ್ಲರೆ. ಅದೇ ಮರಳು ಮಳೆಗೆ ನೆನೆದಿದ್ದರೆ 6 ಟನ್ ದಾಟುತ್ತದೆ. ಹಲಗೆಗೆ ಇನ್ನೊಂದು ಅಡಿ ತಗಡು ಬೆಸೆದು ಎತ್ತರಿಸಿದ ಡಬ್ಬಿಯ ಮಾತು ಬೇರೆಯೇ. ಹಲಗೆ ಎತ್ತರವಾದರೆ ಜಾಗ ಹೆಚ್ಚುತ್ತದೆ. ಅಚ್ಚು, ಟೈರು, ಕೊಂಡಿಯ ಪಿನ್ನು ಹಳೆಯವೇ.

ಅನುಮಾನವಿದ್ದರೆ ವೇಬ್ರಿಡ್ಜಿಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದು. ಅಲ್ಲಿ ಒಂದರ ಬದಲು ಮೂರು ತೂಕ ತೆಗೆಸಿ. ಮೊದಲು ಬರೀ ಟ್ರ್ಯಾಕ್ಟರು. ಆಮೇಲೆ ಜೋಡಿ ಪೂರ್ತಿ. ಕೊನೆಗೆ ಟ್ರ್ಯಾಕ್ಟರನ್ನು ತಟ್ಟೆಯಿಂದ ಆಚೆ ಇಳಿಸಿ, ಕೊಂಡಿ ಕಳಚದೆ, ಟ್ರೇಲರಿನ ಚಕ್ರಗಳನ್ನಷ್ಟೇ ತಟ್ಟೆಯ ಮೇಲೆ ನಿಲ್ಲಿಸಿ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಟ್ರೇಲರಿನ ಒಟ್ಟು ತೂಕ. ಅದನ್ನು ಹಲಗೆಯ ಅಂಕಿಯೊಂದಿಗೆ ಹೋಲಿಸಿ. ಅದರಿಂದ ಮೂರನೆಯದನ್ನು ಕಳೆದರೆ ಉಳಿಯುವುದು ಮುಂಭಾರ. ಎರಡು ಚಕ್ರದ ಟ್ರೇಲರಿನಲ್ಲಿ ಅದು ಒಟ್ಟು ತೂಕದ ಹತ್ತನೇ ಒಂದು ಪಾಲಿನ ಆಸುಪಾಸಿನಲ್ಲಿರಬೇಕು, ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಕೊಂಡಿಗೆ ಹೇಳಿದ ಮಿತಿಯನ್ನು ಮೀರಬಾರದು. ಈ ಮುಂಭಾರದ ಲೆಕ್ಕ ಮೈನಸ್ ಬಂದರೆ ಗಾಡಿ ಹಿಂಭಾರವಾಗಿದೆ, ಅಲ್ಲೇ ಮೂಟೆ ಸರಿಸಬೇಕು. ಒಂದೊಂದು ಬಗೆಯ ಸರಕಿಗೆ ಒಂದು ಸಲ ಹೀಗೆ ತೂಗಿ, ಎಲ್ಲಿಯವರೆಗೆ ತುಂಬಬಹುದು ಎಂದು ಡಬ್ಬಿಯ ಒಳಗೋಡೆಗೆ ಬಣ್ಣದಲ್ಲಿ ಗೆರೆ ಎಳೆದುಕೊಂಡರೆ ಮತ್ತೆ ಮತ್ತೆ ತೂಗಿಸುವ ಖರ್ಚಿಲ್ಲ.

ಹೊರಡುವ ಮೊದಲು ಕೊಂಡಿಯ ಪಿನ್ನಿಗೆ ಬೀಗದ ಕ್ಲಿಪ್ಪು ಇದೆಯೇ, ಪಿನ್ನು ಕಳಚಿದರೂ ಟ್ರೇಲರನ್ನು ಹಿಡಿದಿಡುವ ಸರಪಳಿ ಇದೆಯೇ ನೋಡಬೇಕು. ಟ್ರ್ಯಾಕ್ಟರಿನ ಎಡ ಬಲ ಬ್ರೇಕಿನ ಪೆಡಲುಗಳು ಬೇರೆ ಬೇರೆ ಇರುವುದು ಹೊಲದಲ್ಲಿ ಚಿಕ್ಕ ಜಾಗದಲ್ಲಿ ತಿರುಗಲು. ರಸ್ತೆಗೆ ಇಳಿದಾಗ ಎರಡನ್ನೂ ಜೋಡಿಸುವ ಕೊಕ್ಕೆ ಹಾಕಲೇಬೇಕು. ಮರೆತು ಒಂದನ್ನೇ ತುಳಿದರೆ ಒಂದೇ ಚಕ್ರ ಹಿಡಿದು ಟ್ರ್ಯಾಕ್ಟರು ಆ ಮಗ್ಗುಲಿಗೆ ತಿರುಗುತ್ತದೆ, ಹಿಂದಿನ 6 ಟನ್ ನೇರ ನುಗ್ಗುತ್ತದೆ. ಇಳಿಜಾರು ಶುರುವಾಗುವ ಮೊದಲೇ, ಸಮತಟ್ಟಿನಲ್ಲೇ, ಹತ್ತಲು ಬೇಕಾಗುವ ಗೇರಿಗೆ ಇಳಿಸಿಕೊಳ್ಳಬೇಕು. ಅರ್ಧ ಇಳಿದ ಮೇಲೆ ಗೇರು ಬದಲಿಸಲು ಕ್ಲಚ್ಚು ತುಳಿದರೆ ಆ ಗಳಿಗೆಯಲ್ಲಿ ಎಂಜಿನ್ನಿನ ತಡೆ ಇಲ್ಲವಾಗುತ್ತದೆ. ಭಾರದ ಗಾಡಿ ಅಷ್ಟರಲ್ಲೇ ವೇಗ ಪಡೆದುಕೊಂಡರೆ ಕೆಳಗಿನ ಗೇರು ಮತ್ತೆ ಬೀಳುವುದಿಲ್ಲ.